ಹಂಚಿನ ಹಾಡಿಗೆ ಎಷ್ಟು ಮಾರ್ಕು

ನೋಣಯ್ಯನವರು ಜಡ್ಜ್ ಆದ ಮೇಲೆ ಆ ಮನೆಯಲ್ಲಿ ಒಗ್ಗರಣೆ ಹಾಕುವುದಕ್ಕೂ ಅಪ್ಪಣೆ ಬೇಕಾಯಿತು. ಬೆಳಿಗ್ಗೆ ಗಂಜಿ ಉಂಡು, ಗಡ್ಡ ಬೋಳಿಸಿ, ಇಸ್ತ್ರಿ ಹಾಕಿದ ಬಿಳಿ ಮುಂಡು ಉಟ್ಟು ಅವರು ಜಗಲಿಯ ಕುರ್ಚಿಯಲ್ಲಿ ಕೂತರೆಂದರೆ ಮುಗಿಯಿತು. ಮಿಕ್ಸಿ ತಿರುಗುವಂತಿಲ್ಲ, ಪಾತ್ರೆ ಸದ್ದಾಗುವಂತಿಲ್ಲ, ಮೀನಿನವನು ಹಾರ್ನ್ ಹೊಡೆದರೆ ಗೇಟಿನ ತನಕ ಓಡಿ ಅವನನ್ನು ಸುಮ್ಮನಾಗಿಸಬೇಕು. ಅವರ ಹೆಂಡತಿ ದೇಯಿ ಒಳಗೆ ಗೊಣಗುತ್ತಲೇ ಮಿಕ್ಸಿಯ ಸ್ವಿಚ್ಚು ಆರಿಸುತ್ತಿದ್ದರು. ಇಷ್ಟು ವರ್ಷ ಒಬ್ಬನೇ ಗಂಡನ ಜೊತೆ ಬಾಳಿದವರಿಗೆ ಗೊಣಗುವ ಹಕ್ಕಾದರೂ ಬೇಡವೇ?

ತೊಕ್ಕೊಟ್ಟಿನ ಅವರ ಬೀದಿಯ ಯುವಕ ಮಂಡಲಕ್ಕೆ ಐವತ್ತು ತುಂಬಿತ್ತು. ಆ ಲೆಕ್ಕದಲ್ಲಿ ಹೊಸ ತುಳು ಹಾಡುಗಳ ಸ್ಪರ್ಧೆ ಇಟ್ಟಿದ್ದರು. ಹಾಡನ್ನು ತಾವೇ ಬರೆದು, ತಾವೇ ರಾಗ ಹಾಕಿ, ಹಾಡಿ ಫೋನಿನಲ್ಲಿ ಕಳಿಸಬೇಕು. ಹಾಡು ಹೊಚ್ಚ ಹೊಸತಾಗಿರಬೇಕು, ಹಿಂದೆ ಎಲ್ಲೂ ಹಾಡಿದ್ದಾಗಿರಬಾರದು. ಮಂಡಲದ ಕಾರ್ಯದರ್ಶಿ ವಿಲ್ಲಿ, ಪೇಟೆಯಲ್ಲಿ ಮೈಕ್ ಮತ್ತು ಲೈಟಿನ ಅಂಗಡಿ ಇಟ್ಟವನು, ಒಂದು ಸಂಜೆ ಬಂದು ನೋಣಯ್ಯಣ್ಣ ತೀರ್ಪುಗಾರರಾಗಬೇಕು ಎಂದ. ಇನ್ನೊಬ್ಬರು ಇಗರ್ಜಿಯಲ್ಲಿ ಹಾಡು ಕಲಿಸುವ ಜಾಯ್ಸ್ ಟೀಚರ್. ನೋಣಯ್ಯ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಹಗಲು ಭಟ್ಟಿಯ ಮುಂದೆ ಬೆವರಿ, ಸಂಜೆ ನಾಟಕಗಳಿಗೆ ಪದ್ಯ ಕಟ್ಟುತ್ತಿದ್ದರು. ಒಂದು ಕಾಲದಲ್ಲಿ ನೇತ್ರಾವತಿಯ ಈಚೆ ದಡದಲ್ಲಿ ಅವರ ಪದ್ಯ ಇಲ್ಲದ ತುಳು ನಾಟಕವೇ ಇರಲಿಲ್ಲ.

ವಿಲ್ಲಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಒಂದು ವರ್ಷದಿಂದ ನೋಣಯ್ಯನವರಿಗೆ ಮರೆವು ಹಿಡಿದಿತ್ತು. ಮೀನು ತರಲು ಹೋದವರು ಬೇರೆ ಯಾರದ್ದೋ ಕೊಡೆ ಹಿಡಿದುಕೊಂಡು ಮೀನಿಲ್ಲದೆ ಬರುತ್ತಿದ್ದರು. ಉಂಡು ಕೈ ತೊಳೆದು ಬಂದು, ಇವತ್ತು ಊಟ ಇಲ್ಲವಾ ಎಂದು ಕೇಳುತ್ತಿದ್ದರು. ದಿನವಿಡೀ ಗೋಡೆ ನೋಡಿಕೊಂಡು ಕೂರುತ್ತಿದ್ದ ಮನುಷ್ಯ, ಜಡ್ಜ್ ಎಂದದ್ದೇ ತಡ, ಮರುದಿನ ತಾನೇ ಎದ್ದು ಸ್ನಾನಕ್ಕೆ ನೀರು ಕಾಯಿಸಿಕೊಂಡರು. ಅದನ್ನು ಕಂಡು ದೇಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹಾಡು ಯಾವುದಾದರೂ ಗೆಲ್ಲಲಿ, ತನ್ನ ಗಂಡ ತನಗೆ ವಾಪಸು ಸಿಕ್ಕಿದ್ದು ಸಾಕು ಎಂಬುದು ಅವರ ಲೆಕ್ಕ.

ಹಾಡುಗಳು ನಂಬರು ಮಾತ್ರ ಹೊತ್ತು ಮೊಮ್ಮಗಳು ಪ್ರಣೀತಾಳ ಫೋನಿಗೆ ಬರುತ್ತಿದ್ದವು. ಅವಳು ಕಾಲೇಜಿಗೆ ಹೊರಡುವ ಮೊದಲು ಒಂದೊಂದನ್ನೇ ಕೇಳಿಸುವಳು. ಅಜ್ಜ ಮಾರ್ಕು ಹೇಳಿ, ಮೇಲೆ ಎರಡು ಮಾತು ವಿಮರ್ಶೆ ಹೇಳುವರು. ಬರೀ ಮಾರ್ಕು ಕೊಟ್ಟರೆ ಸಾಲದು, ಯಾಕೆ ಅಂತ ಹೇಳಬೇಕು ಎಂಬುದು ಅವರ ಹಟ. ಕಡಲಿನ ಮೇಲೆ ಕಟ್ಟಿದ ಹಾಡೊಂದಕ್ಕೆ, ಈ ಹುಡುಗ ಕಡಲು ನೋಡಿದ್ದು ಸಿನೆಮಾದಲ್ಲಿ ಎಂದು ಬರೆಸಿದರು. ಅಮ್ಮನ ಮೇಲಿನ ಹಾಡಿಗೆ, ಎಲ್ಲ ಸರಿ, ಆದರೆ ಈ ಅಮ್ಮ ಊಟಕ್ಕೆ ಏನು ಪದಾರ್ಥ ಮಾಡಿದಳು ಅಂತ ಒಂದು ಮಾತಿಲ್ಲವಲ್ಲ ಎಂದರು. ಒಳಗೆ ಬೂತಾಯಿ ಮೀನು ಸ್ವಚ್ಛ ಮಾಡುತ್ತಿದ್ದ ದೇಯಿಗೆ ನಗು ಬಂತು. ಹಳೆಯ ನೋಣಯ್ಯನೇ ಸರಿ.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಪ್ರಣೀತಾ ಮುಖ ಸಣ್ಣದು ಮಾಡಿಕೊಂಡು ಅಡಿಗೆಮನೆಗೆ ಬಂದಳು.

"ಅಜ್ಜಿ, ನಿನ್ನೆಯ ಹಾಡನ್ನೇ ತಪ್ಪಿ ಇವತ್ತೂ ಹಾಕಿಬಿಟ್ಟೆ. ನಿನ್ನೆ ಮೂವತ್ತೈದು ಕೊಟ್ಟಿದ್ರು. ಇವತ್ತು ಎಂಬತ್ತು."

"ನಿನ್ನೆ ಸಾರಿಗೆ ಉಪ್ಪು ಜಾಸ್ತಿ ಆಗಿತ್ತು. ಆ ಸಿಟ್ಟು ಹಾಡಿನ ಮೇಲೆ ತೀರಿಸಿದ್ದಾರೆ."

"ತಮಾಷೆ ಅಲ್ಲ ಅಜ್ಜಿ. ಅದನ್ನು ಕೇಳಿದ್ದೇ ಅವರಿಗೆ ನೆನಪಿಲ್ಲ."

ಯಾರಿಗೂ ಹೇಳಬೇಡ ಎಂದರು ದೇಯಿ. ಆದರೆ ಹೇಳದೆ ಇರುವುದಕ್ಕೆ ಅದೇನು ದೊಡ್ಡ ಬಂಗಲೆಯೇ? ಎರಡು ಕೋಣೆ, ಒಂದು ಊಟದ ಮೇಜು. ಮಗ ಯೋಗೀಶ್ ಬೈಕಂಪಾಡಿಯ ಗೋದಾಮಿನಲ್ಲಿ ಸೂಪರ್‌ವೈಸರ್, ಸೊಸೆ ಭವ್ಯಶ್ರೀ ಬಿಜೈಯ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದವಳು. ಇಬ್ಬರೂ ಸಂಜೆ ಸುಸ್ತಾಗಿ ಬರುವವರು. ಎರಡೇ ದಿನದಲ್ಲಿ ಮಾತು ಅವರ ಕಿವಿಗೂ ಬಿತ್ತು. ನೋಣಯ್ಯ ಉಂಡು ಮಲಗಿದ ಮೇಲೆ ಯೋಗೀಶ್ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಕೂತ. ಬೇರೆಯವರ ಮಕ್ಕಳು ಆಸೆಯಿಂದ ಕಳಿಸಿದ್ದಾರೆ, ಇದೇನು ಮಕ್ಕಳಾಟವಾ, ನಾಳೆಯೇ ವಿಲ್ಲಿಗೆ ಫೋನ್ ಮಾಡಿ ಅಪ್ಪನಿಗೆ ಆಗುವುದಿಲ್ಲ ಅಂತ ಹೇಳ್ತೇನೆ ಎಂದ. ಅವನ ಮಾತು ತಪ್ಪಲ್ಲ. ತಪ್ಪಲ್ಲದ ಮಾತು ಕೇಳಿದಾಗಲೇ ದೇಯಿಗೆ ಸಿಟ್ಟು ನೆತ್ತಿಗೇರುವುದು.

"ಹೇಳು. ಹೇಳಿ ನೀನು ಬೈಕಂಪಾಡಿಗೆ ಹೋಗು, ಅವಳು ಬಿಜೈಗೆ ಹೋಗ್ತಾಳೆ. ಅವರು ಗೋಡೆ ನೋಡುವುದನ್ನು ದಿನಾ ನೋಡಿಕೊಂಡು ಇರಬೇಕಾದ್ದು ನಾನು."

"ಹಾಗಂತ ಸುಳ್ಳು ಮಾರ್ಕು ಕೊಡುವುದಾ ಅಮ್ಮ?"

ಜಗಳ ಬಿಡಿಸಿದ್ದು ಭವ್ಯಶ್ರೀ. ಪ್ರತಿ ಹಾಡನ್ನು ಎರಡು ಬೇರೆ ಬೇರೆ ದಿನ ಕೇಳಿಸುವುದು, ಬಂದ ಮಾರ್ಕನ್ನು ಕೂಡಿ ಅರ್ಧ ಮಾಡುವುದು, ಅದರ ಮೇಲೆ ಜಾಯ್ಸ್ ಟೀಚರ ಮಾರ್ಕು ಹೇಗೂ ಉಂಟು ಎಂದಳು. ಯೋಗೀಶ್ ಒಪ್ಪಿದ. ಒಪ್ಪಿದ್ದು ನ್ಯಾಯ ಕಂಡೋ, ಹೆಂಡತಿಯ ಮುಖ ಕಂಡೋ ಗೊತ್ತಿಲ್ಲ. ತಟ್ಟೆಯ ಅನ್ನವನ್ನಂತೂ ಮುಗಿಸಿದ.

ಆಮೇಲಿನ ವಾರ ಹಂಚಿನ ಹಾಡು ಬಂತು.

ದೇಯಿ ಹಿತ್ತಿಲ ಬಾಗಿಲಲ್ಲಿ ಕೂತು ಬಸಳೆ ದಂಟು ಮುರಿಯುತ್ತಿದ್ದರು. ಜಗಲಿಯಿಂದ ಒಬ್ಬ ಹುಡುಗನ ದನಿ ಬಂತು, ಹಿಂದೆ ಒಂದು ಗಿಟಾರು. ಹಾಡು ತುಳುವಿನದು, ಮಾಡಿಗೆ, ಅಂದರೆ ಛಾವಣಿಗೆ, ಹಾಕುವ ಹಂಚಿನ ಮೇಲೆ ಕಟ್ಟಿದ್ದು. ಅರ್ಥ ಇಷ್ಟೇ: ಈ ಹಂಚು ಎಲ್ಲಿಗೆ? ಶಾಲೆಯ ಮಾಡಿಗೆ. ಈ ಹಂಚು ಎಲ್ಲಿಗೆ? ಇಗರ್ಜಿಯ ಮಾಡಿಗೆ. ಮಳೆಯೇ, ಮಳೆಯೇ, ಮೆಲ್ಲ ಬಾ, ಅಲ್ಲಿ ಯಾರೋ ಮಲಗಿದ್ದಾರೆ.

ದೇಯಿಯ ಕೈಯಲ್ಲಿದ್ದ ದಂಟು ಅಲ್ಲೇ ನಿಂತಿತು.

ಆ ಹಾಡು ಹುಟ್ಟಿದ್ದು ಅವರ ಮಡಿಲಿನ ಪಕ್ಕದಲ್ಲಿ. ಆಗ ಯೋಗೀಶ್ ಹುಟ್ಟಿರಲಿಲ್ಲ. ಅವನ ಮೊದಲು ಒಬ್ಬಳು ಹುಡುಗಿ ಇದ್ದಳು. ಊರಿಗೆಲ್ಲ ಹಂಚು ಸುಡುತ್ತಿದ್ದ ನೋಣಯ್ಯನ ಸ್ವಂತ ಮನೆಗೆ ತೆಂಗಿನ ಗರಿಯ ಮಡಲು ಹೊದೆಸಿದ ಮಾಡು. ಮಳೆ ಬಂದರೆ ಮಗು ಹೆದರಿ ಅಳುತ್ತಿತ್ತು. ಅದನ್ನು ಸಮಾಧಾನ ಮಾಡಲು ಅಪ್ಪ ಈ ಹಾಡು ಕಟ್ಟಿದ. ಎರಡು ಚರಣವನ್ನು ದೇಯಿ ಬೀಡಿ ಕಟ್ಟುವಾಗ ಹಾಡಿಕೊಳ್ಳುತ್ತಿದ್ದರು. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನ ಸಾಲಿನಲ್ಲಿ ನಿಂತ ಹೆಂಗಸರು ಅದನ್ನು ಕೇಳಿ ಕಲಿತು ತಮ್ಮ ತಮ್ಮ ತೊಟ್ಟಿಲಿಗೆ ಒಯ್ದರು. ಮೂರನೇ ಚರಣವೂ ಇತ್ತು. ಅದರಲ್ಲಿ ಮಗುವಿನ ಹೆಸರಿತ್ತು, ಅದು ಮನೆಯೊಳಗಿನ ಮಾತಾದ್ದರಿಂದ ದೇಯಿ ಅದನ್ನು ಯಾರಿಗೂ ಕಲಿಸಿರಲಿಲ್ಲ. ಆ ವರ್ಷದ ಮಳೆಗಾಲದಲ್ಲಿ ಜ್ವರ ಬಂದು ಮಗು ಹೋಯಿತು. ಮರುವರ್ಷ ನೋಣಯ್ಯ ಕಾರ್ಖಾನೆಯಿಂದ ಹಂಚು ತಂದು ಮಾಡಿಗೆ ಹಾಕಿಸಿದರು. ಅದರಡಿ ಮಲಗುವವಳು ಇರಲಿಲ್ಲ. ಆಮೇಲೆ ಗಂಡ ಹೆಂಡತಿ ಇಬ್ಬರೂ ಆ ಹಾಡನ್ನು ಬಾಯಿಗೆ ತರಲಿಲ್ಲ, ಆ ಹೆಸರನ್ನೂ ತರಲಿಲ್ಲ. ಮಗುವಿನ ಒಂದು ಫೋಟೋ ಕೂಡ ಮನೆಯಲ್ಲಿಲ್ಲ. ಆ ಕಾಲಕ್ಕೆ ಫೋಟೋ ತೆಗೆಸುವಷ್ಟು ಯಾರಿಗೆ ಗತಿ ಇತ್ತು?

ಹಾಡು ಮುಗಿಯಿತು. ಗಂಡ ಈಗ ಎದ್ದು ಒಳಗೆ ಬರುತ್ತಾರೆ ಎಂದು ದೇಯಿ ಕಾದರು.

"ತೊಂಬತ್ತೈದು ಬರಿ," ಎಂದರು ನೋಣಯ್ಯ ಜಗಲಿಯಲ್ಲಿ. "ಇಷ್ಟು ಹಾಡುಗಳಲ್ಲಿ ಹಾಡು ಅಂದರೆ ಇದೊಂದು. ಇಂಥದ್ದು ಒಂದು ನಾನು ಕಟ್ಟಿದ್ದರೆ ಸಾಕಿತ್ತು ಮಾರಾಯ್ತಿ."

ಎರಡು ದಿನ ಬಿಟ್ಟು ಪ್ರಣೀತಾ ಮತ್ತೆ ಕೇಳಿಸಿದಳು. ಬೇರೆ ಎಲ್ಲ ಹಾಡಿಗೆ ಮಾರ್ಕು ಮೇಲೆ ಕೆಳಗೆ ಹೋಗುತ್ತಿತ್ತು, ಇದಕ್ಕೆ ಮಾತ್ರ ಮತ್ತೆ ತೊಂಬತ್ತೈದು. ದೇಯಿ ಆ ದಿನ ಅರ್ಧ ಊಟಕ್ಕೇ ಎದ್ದರು. ಹಾಡನ್ನು ಮರೆತರೆ ಮರೆಯಲಿ, ಪದ್ಯ ಸಾವಿರ ಕಟ್ಟಿದವರು. ಆದರೆ ಹಾಡು ಹೋದರೆ ಮಗುವೂ ಹೋದ ಹಾಗೆಯೇ ಅಲ್ಲವೇ? ಇಷ್ಟು ವರ್ಷ ಇಬ್ಬರೂ ಬಾಯಿ ಮುಚ್ಚಿ ಹೊತ್ತ ಭಾರವನ್ನು ಅವರು ಯಾವಾಗಲೋ ಕೆಳಗಿಟ್ಟುಬಿಟ್ಟಿದ್ದಾರೆ, ಇನ್ನು ಹೊರುವವಳು ತಾನೊಬ್ಬಳೇ.

ರಾತ್ರಿಯ ಪಾತ್ರೆ ತೊಳೆಯುವಾಗ ಭವ್ಯಶ್ರೀ, ಎಂತ ಆಯ್ತು ಅತ್ತೆ ಎಂದು ಬಿಡದೆ ಕೇಳಿದಳು. ದೇಯಿ ಹೇಳಿದರು. ಬಾಗಿಲಲ್ಲಿ ನಿಂತಿದ್ದ ಯೋಗೀಶನೂ ಕೇಳಿಸಿಕೊಂಡ. ಅಕ್ಕ ಒಬ್ಬಳಿದ್ದಳು ಎಂದು ಅವನಿಗೆ ಅರ್ಧಂಬರ್ಧ ಗೊತ್ತಿತ್ತು, ಹಾಡಿನ ವಿಷಯ ಗೊತ್ತಿರಲಿಲ್ಲ. ಹಾಗಾದರೆ ಇದು ಹೊಸ ಹಾಡೇ ಅಲ್ಲ, ಸ್ಪರ್ಧೆಯಿಂದ ತೆಗೆಯಬೇಕು, ವಿಲ್ಲಿಗೆ ಹೇಳಲೇಬೇಕು ಎಂದ ಅವನು. ಹೇಳಿದರೆ ಮಾವನ ಕಿವಿಗೆ ಬಾರದೆ ಇರುತ್ತದಾ, ಸ್ವಂತ ಹಾಡಿಗೆ ತಾನೇ ಮಾರ್ಕು ಕೊಟ್ಟೆ ಅಂತ ಗೊತ್ತಾದರೆ ಅವರು ಉಳಿಯುತ್ತಾರಾ ಎಂದಳು ಇವಳು. ಇಬ್ಬರ ದನಿಯೂ ಏರಿತು.

"ಸಾಕು," ಎಂದರು ದೇಯಿ. "ಬಹುಮಾನದ ದಿನ ಸ್ಟೇಜಿನಲ್ಲಿ ಆ ಹಾಡು ಹಾಡಿದರೆ, ಬೀಡಿ ಕಟ್ಟಿದ ಮುದುಕಿಯರು ನಾಲ್ಕು ಜನ ಎದುರಿಗೆ ಕೂತಿರ್ತಾರೆ. ನೋಣಯ್ಯನಿಗೆ ತಲೆ ಕೆಟ್ಟಿದೆ ಅಂತ ಊರು ಹೇಳುವ ಮೊದಲು ನಾನೇ ನಿನ್ನ ಅಪ್ಪನಿಗೆ ಸತ್ಯ ಹೇಳ್ತೇನೆ. ಆದಿತ್ಯವಾರದ ತನಕ ಬಿಡಿ."

ಆದಿತ್ಯವಾರ, ಕೊನೆಯ ಸುತ್ತಿಗೆ ಬಂದವರು ನೋಣಯ್ಯನ ಮನೆಗೆ ಬರುವುದಿತ್ತು. ಅದು ನೋಣಯ್ಯನವರದ್ದೇ ಷರತ್ತು. ನಾಟಕದ ಕಾಲದಲ್ಲೂ ಹಾಗೆಯೇ, ಹುಡುಗರನ್ನು ಎದುರಿಗೆ ಕೂರಿಸಿ ಚಹಾ ಕೊಟ್ಟು, ತಪ್ಪು ಹೇಳಿ, ಸ್ಟೇಜು ಹತ್ತುವ ಮೊದಲು ತಿದ್ದಿಕೊಳ್ಳಲು ಬಿಡುವುದು. ಬೆಳಿಗ್ಗೆ ಗಂಡನಿಗೆ ನೀರುದೋಸೆ ಬಡಿಸುವಾಗಲೇ ಹೇಳಬೇಕೆಂದು ದೇಯಿ ನಿಶ್ಚಯ ಮಾಡಿದ್ದರು. ಆದರೆ ನೋಣಯ್ಯ ಅವತ್ತು ಎಷ್ಟು ಖುಷಿಯಲ್ಲಿದ್ದರೆಂದರೆ, ದೋಸೆ ತಿನ್ನುತ್ತಾ, ನೀನೂ ಜಗಲಿಗೆ ಬಂದು ಕೂತುಕೋ ಎಂದು ಹೆಂಡತಿಯನ್ನು ಕರೆದರು. ಮದುವೆಯಾದ ಮೇಲೆ ಅವರು ಹಾಗೆ ಕರೆದದ್ದು ಬೆರಳೆಣಿಕೆಯಷ್ಟು ಸಲ. ಇನ್ನೊಂದು ದೋಸೆ ಹೊಯ್ದ ಮೇಲೆ ಹೇಳೋಣ, ಚಹಾ ಕೊಟ್ಟ ಮೇಲೆ ಹೇಳೋಣ ಎನ್ನುತ್ತಾ ಹೊತ್ತು ಜಾರಿತು.

ಬಂದವರಲ್ಲಿ ಹಂಚಿನ ಹಾಡಿನವನು ಜಿತೇಶ್, ಬೈಕಂಪಾಡಿಯ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುವ ಹುಡುಗ. ಗೋಳಿಬಜೆಯ ತಟ್ಟೆ ಮುಂದೆ ಹಿಡಿದರೂ ನಾಚಿಕೊಂಡು ಒಂದೇ ತೆಗೆದ. ಉಳಿದವರಿಗೆಲ್ಲ ತಪ್ಪು ಹೇಳಿ ಬೀಳ್ಕೊಟ್ಟು, ನೋಣಯ್ಯ ಅವನನ್ನು ಕೊನೆಗೆ ಉಳಿಸಿಕೊಂಡರು. ಎದುರಿಗೇ ಹಾಡಿಸಿದರು. ಹಳೆಯ ಹಾಡಿನಲ್ಲಿ ರೈಲು ಸ್ಟೇಷನ್ನಿನ ಮಾಡು ಇದ್ದ ಕಡೆ ಇವನು ಟೋಲ್‌ಗೇಟಿನ ಮಾಡು ಎಂದು ಬದಲಿಸಿದ್ದ. ಬೇರೆ ದಿನವಾಗಿದ್ದರೆ ದೇಯಿ ನಕ್ಕುಬಿಡುತ್ತಿದ್ದರು.

"ಹಾಡು ಚಂದ ಉಂಟು," ಎಂದರು ನೋಣಯ್ಯ. "ಆದರೆ ಒಂದು ಕೊರತೆ ಉಂಟು. ನೀನು ಊರಿಗೆಲ್ಲ ಹಂಚು ಹಾಕಿದೆ. ತೊಟ್ಟಿಲಲ್ಲಿ ಇರುವ ಮಗು ಯಾವ ಮಾಡಿನಡಿ ಮಲಗಿದೆ? ಅದನ್ನು ಹೇಳದಿದ್ದರೆ ಅಪ್ಪ ಹಾಡಿದ್ದು ಯಾಕೆ? ಮೂರನೇ ಚರಣ ಬೇಕು ಮಾರಾಯ."

ಜಿತೇಶ್ ತಲೆ ಕೆರೆದುಕೊಂಡ. "ಅದು ನನಗೆ ಬರುವುದಿಲ್ಲ ಅಜ್ಜ."

"ಬರಕೋ. ನಾನು ಹೇಳ್ತೇನೆ."

ನೋಣಯ್ಯ ಕಣ್ಣು ಮುಚ್ಚಿದರು. ತೊಡೆಯ ಮೇಲೆ ಬೆರಳು ತಾಳ ಹಾಕಿತು. ನಡುಗುವ ದನಿಯಲ್ಲಿ, ಒಂದು ಅಕ್ಷರ ಎಡವದೆ, ತುಳುವಿನಲ್ಲಿ ಹಾಡಿದರು: ಮುಂದಿನ ಮಳೆಗೆ ಈ ಹಂಚು ಎಲ್ಲಿಗೆ? ನಮ್ಮ ಮಾಡಿಗೆ, ವಾರಿಜಾ. ಮಳೆಯೇ, ಮಳೆಯೇ, ಜೋರು ಬಾ, ನಮ್ಮವಳು ಮಲಗಿದ್ದಾಳೆ.

ಯೋಗೀಶ್ ಕೈಯಲ್ಲಿ ಖಾಲಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅಕ್ಕನ ಹೆಸರನ್ನು ಅವನು ಕೇಳಿದ್ದು ಅದೇ ಮೊದಲು.

ನೋಣಯ್ಯ ಕಣ್ಣು ತೆರೆದು ಹೆಂಡತಿಯ ಕಡೆ ತಿರುಗಿದರು. ಮುಖದಲ್ಲಿ ಹಾಡು ಕಟ್ಟಿದವನ ಹಿಗ್ಗು. "ಏನೋ ಒಂದು ಹೆಸರು ಬಾಯಿಗೆ ಬಂತು, ಹಾಕಿದೆ. ಸರಿ ಕೂತಿತಲ್ಲ?"

ಹೇಳುವುದಾದರೆ ಅದೇ ಹೊತ್ತು. ದೇಯಿ ಬಾಯಿ ತೆರೆದರು. ಆ ಹಿಗ್ಗಿದ ಮುಖವನ್ನು ನೋಡುತ್ತಾ ಅದನ್ನು ಒಡೆಯುವ ಮಾತು ಅವರ ನಾಲಗೆಗೆ ಬರಲಿಲ್ಲ.

"ಸರಿ ಕೂತಿತು," ಎಂದರು.

ಜಿತೇಶ್ ಹೊರಟಾಗ ದೇಯಿ ಗೇಟಿನ ತನಕ ಹೋಗಿ, ಹಾಡು ಎಲ್ಲಿಂದ ಸಿಕ್ಕಿತು ಎಂದು ಮೆಲ್ಲಗೆ ಕೇಳಿದರು. ಅಜ್ಜಿ ಹಾಡುತ್ತಿದ್ದದ್ದು, ತೀರಿಹೋದರು, ಯಾರದ್ದೂ ಅಲ್ಲದ ಹಳೆ ಹಾಡು ಅಂತ ಎಣಿಸಿ ನಾಲ್ಕು ಮಾತು ಬದಲಿಸಿ ಕಳಿಸಿದೆ ಎಂದು ಹುಡುಗ ಒಪ್ಪಿಕೊಂಡ. ಅಜ್ಜಿ ಬೀಡಿ ಕಟ್ಟುತ್ತಿದ್ದರಾ ಎಂದದ್ದಕ್ಕೆ ಹೌದೆಂದ. ದೇಯಿ ಎಲ್ಲವನ್ನೂ ಹೇಳಲಿಲ್ಲ. ಅದು ಯಾರದ್ದೂ ಅಲ್ಲದ್ದಲ್ಲ ಮಗ, ಕಟ್ಟಿದವರು ಈಗಲೂ ಇದ್ದಾರೆ, ವಿಲ್ಲಿಗೆ ಹೇಳಿ ನೀನಾಗಿಯೇ ಹೆಸರು ತೆಗೆಸು ಎಂದರು. ಹುಡುಗನ ಮುಖ ಬಾಡಿತು. ಅಜ್ಜ ಅಷ್ಟು ಹೊಗಳಿದ ಮೇಲೆ ಅವನ ಮನಸ್ಸು ಆಗಲೇ ಸ್ಟೇಜು ಹತ್ತಿತ್ತು.

"ಕಟ್ಟಿದವರು ಯಾರು ಅಜ್ಜಿ?"

ದೇಯಿ ಜಗಲಿಯ ಕಡೆ ನೋಡಿದರು. ಅಲ್ಲಿ ನೋಣಯ್ಯ ಉಳಿದ ಗೋಳಿಬಜೆಯನ್ನು ಎಣ್ಣೆ ಒರೆಸಿ ಒರೆಸಿ ತಿನ್ನುತ್ತಿದ್ದರು. ಹುಡುಗನೂ ಅತ್ತ ನೋಡಿದ. ಆಮೇಲೆ ಆಗಲಿ ಎಂದು ತಲೆ ಆಡಿಸಿ ಬೈಕು ಹತ್ತಿದ. ಒಳಗೆ ಬಂದರೆ, ಹುಟ್ಟಿದ ಮೇಲೆ ಒಂದು ಚಮಚ ತೊಳೆಯದ ಯೋಗೀಶ್ ಚಹಾದ ಲೋಟಗಳನ್ನೆಲ್ಲ ತೊಳೆದು ಕವುಚಿ ಹಾಕುತ್ತಿದ್ದ. ವಿಲ್ಲಿಗೆ ಫೋನ್ ಮಾಡುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಬಹುಮಾನದ ದಿನ ಮಂಡಲದವರು ನೋಣಯ್ಯನಿಗೆ ಶಾಲು ಹೊದೆಸಿದರು. ಹೆಸರು ತೆಗೆಸಿದ್ದ ಜಿತೇಶ್ ಸ್ಟೇಜು ಹತ್ತಲಿಲ್ಲ. ಮೊದಲ ಬಹುಮಾನ ಅಮ್ಮನ ಮೇಲಿನ ಹಾಡಿಗೆ ಹೋಯಿತು. ಅಮ್ಮ ಮಾಡಿದ ಪದಾರ್ಥ ಅದರೊಳಗೆ ಹೊಸತಾಗಿ ಸೇರಿತ್ತು. ನೋಣಯ್ಯ ಚಪ್ಪಾಳೆ ತಟ್ಟಿದರು. ಮನೆಗೆ ಬರುವಾಗ ರಿಕ್ಷಾದಲ್ಲಿ, ಆ ಹಂಚಿನ ಹಾಡಿಗೆ ಯಾಕೆ ಕೊಡಲಿಲ್ಲ ಎಂದು ಕೇಳಿದರು. ಗೊತ್ತಿಲ್ಲ ಎಂದರು ದೇಯಿ. ಮರುದಿನ ಬೆಳಿಗ್ಗೆ ಕೇಳಿದರು. ಸಂಜೆ ಕೇಳಿದರು. ಜಡ್ಜ್‌ಗಿರಿ ಮುಗಿದಿತ್ತು. ಪ್ರಣೀತಾ ಕಾಲೇಜಿಗೆ ಹೋದ ಮೇಲೆ ಅವರು ಮತ್ತೆ ಗೋಡೆ ನೋಡಿಕೊಂಡು ಕೂರತೊಡಗಿದ್ದರು. ಗಡ್ಡ ಬೆಳೆಯಿತು. ಮೊಮ್ಮಗಳ ಹೆಸರು, ವಾರದ ಹೆಸರು ಒಂದೊಂದೇ ಜಾರುತ್ತಿದ್ದಾಗಲೂ ಆ ಹಾಡೊಂದು ಅವರನ್ನು ಬಿಡಲಿಲ್ಲ.

ಒಂದು ಮಧ್ಯಾಹ್ನ ಮನೆಯಲ್ಲಿ ಇಬ್ಬರೇ ಇದ್ದರು. ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆ ಸಾರು ಬಡಿಸಿ ದೇಯಿ ಎದುರಿಗೆ ಕೂತರು. ನೋಣಯ್ಯ ತುತ್ತು ಕಲಸುತ್ತಾ, ಮೊದಲನೇ ಸಲ ಕೇಳುವವರ ಹಾಗೆ ಕೇಳಿದರು, ಆ ಹಂಚಿನ ಹಾಡಿಗೆ ಯಾಕೆ ಬಹುಮಾನ ಇಲ್ಲ?

"ಅದು ಹಳೆ ಹಾಡಂತೆ," ಎಂದರು ದೇಯಿ. "ಹಂಚಿನ ಕಾರ್ಖಾನೆಯಲ್ಲಿದ್ದ ಒಬ್ಬರು ಮಗಳಿಗೆ ಕಟ್ಟಿದ್ದು."

"ಹೌದಾ? ಅವನು ಇದ್ದಾನಾ?"

"ಇದ್ದಾರೆ."

"ಮಗಳು?"

ದೇಯಿ ಮೀನಿನ ಮುಳ್ಳು ಬಿಡಿಸಿ ಅವರ ತಟ್ಟೆಯ ಬದಿಗೆ ಇಟ್ಟರು. "ಇಲ್ಲ. ಸಣ್ಣವಳಿರುವಾಗಲೇ ಹೋದಳು."

ನೋಣಯ್ಯ ತುತ್ತನ್ನು ತಟ್ಟೆಗೆ ಇಳಿಸಿದರು. ಪಾಪ, ಎಂದರು. ಯಾರದ್ದೋ ಮನೆಯ ದುಃಖಕ್ಕೆ ಜನ ಪಡುವಂಥ ಒಳ್ಳೆಯ ಮನಸ್ಸಿನ ಮರುಕ ಅದು. ಇಷ್ಟು ವರ್ಷ ಕಾದ ಮೇಲೆ ಗಂಡನ ಬಾಯಿಂದ ಮಗಳಿಗೆ ಸಿಕ್ಕಿದ್ದು ಅಷ್ಟೇ ಎಂದು ದೇಯಿಗೆ ಅಳು ಒತ್ತರಿಸಿತು.

"ಅವನು ಸಿಕ್ಕಿದರೆ ಹೇಳು," ಎಂದರು ನೋಣಯ್ಯ. "ನೋಣಯ್ಯ ತೊಂಬತ್ತೈದು ಕೊಟ್ಟಿದ್ದಾನೆ ಅಂತ. ಐದು ಯಾಕೆ ಹಿಡಿದೆ ಅಂದರೆ, ಸ್ವಂತ ಮಗು ಎಲ್ಲಿ ಮಲಗಿದೆ ಅಂತ ಅವನು ಹೇಳಲೇ ಇಲ್ಲ."

"ಹೇಳಿದ್ದಾರೆ. ಮೂರನೇ ಚರಣದಲ್ಲಿ ಉಂಟು."

"ನೀನು ಕೇಳಿದ್ದೀಯಾ?"

"ಕೇಳಿದ್ದೇನೆ."

"ಹಾಗಾದರೆ ನೂರು ಹಾಕು," ಎಂದು ನೋಣಯ್ಯ ತಟ್ಟೆಯನ್ನು ಮುಂದಕ್ಕೆ ನೂಕಿ ಇನ್ನೊಂದು ಸೌಟು ಸಾರು ಕೇಳಿದರು. ದೇಯಿ ಎದ್ದು ಬಡಿಸಿದರು.